ಅರ್ಧ ಕರೆಂಟಿನ ಟೀವಿ

ಸಾಮೋವಾದ ಸವಾಯಿ ದ್ವೀಪದ ಪಡುವಣ ದಂಡೆಯಲ್ಲಿ ಫಾಗಾಲೆ ಅಂತ ಒಂದು ಊರು. ಅಲ್ಲಿ ಯಾರ ಮನೆಯ ಟೀವಿ ಕಣ್ಣು ಮುಚ್ಚಿದರೂ ಕೂಗುವುದು ಒಂದೇ ಹೆಸರು, ಪೆನಿ. ಪೂರ್ತಿ ಹೆಸರು ಪೆನಿಯಾಮಿನ. ಆದರೆ ಅಷ್ಟುದ್ದ ಕರೆಯುವಷ್ಟು ಮರ್ಯಾದೆ ಅವನಿಗೆ ಅಲ್ಲಿ ಯಾರೂ ಕೊಟ್ಟಿರಲಿಲ್ಲ. ಅವನು ಆ ಊರಿನವನಲ್ಲ. ಹೆಂಡತಿ ಲೋಸಾಳ ಊರಿಗೆ ಬಂದು ನೆಲೆನಿಂತ ಮನೆಅಳಿಯ.

ಬಂದದ್ದು ಎರಡು ತಿಂಗಳ ಮಟ್ಟಿಗೆ. ಲೋಸಾಳ ತಾಯಿಗೆ ಕಾಲು ಊದಿಕೊಂಡಿತ್ತು, ನೋಡಿಕೊಂಡು ಹೋಗೋಣ ಅಂತ ರಾಜಧಾನಿ ಅಪಿಯಾದಿಂದ ಹಡಗು ಹತ್ತಿ ಬಂದರು. ಮುದುಕಿ ಊದಿದ ಕಾಲಿನಲ್ಲೇ ಹದಿನಾಲ್ಕು ವರ್ಷ ಬದುಕಿದಳು. ಅಷ್ಟರಲ್ಲಿ ಪೆನಿಗೆ ಹಿಂದಿರುಗಲು ಊರೂ ಉಳಿದಿರಲಿಲ್ಲ, ಕೆಲಸವೂ ಉಳಿದಿರಲಿಲ್ಲ. ಹೀಗೆ ಮೂವತ್ತೊಂದು ವರ್ಷ ಕಳೆಯಿತು.

ಮನೆಅಳಿಯನ ಬಾಳು ಎಲ್ಲಿ ಸಾಗುತ್ತದೆಂದರೆ ಅಡುಗೆ ಚಪ್ಪರದಲ್ಲಿ. ಭಾನುವಾರ ಕೋಳಿ ಕೂಗುವ ಮುಂಚೆ ಎದ್ದು ಕಲ್ಲು ಕಾಯಿಸಬೇಕು, ಕೆಸುವಿನ ಗೆಡ್ಡೆ ಹೆರೆಯಬೇಕು, ತೆಂಗಿನಹಾಲು ಹಿಂಡಿ ಕೆಸುವಿನ ಎಲೆಯಲ್ಲಿ ಕಟ್ಟಬೇಕು, ಹಂದಿಯ ಹೊಟ್ಟೆಗೆ ಕಾದ ಕಲ್ಲು ತುಂಬಿ ಉಮು ಅನ್ನುವ ಕಲ್ಲಿನ ಒಲೆಯಲ್ಲಿ ಹೂಳಬೇಕು. ಎಲ್ಲ ಬೆಂದ ಮೇಲೆ ಹೊತ್ತುಕೊಂಡು ದೊಡ್ಡ ಮನೆಗೆ ಹೋಗಬೇಕು. ಅಲ್ಲಿ ಪಟ್ಟ ಕಟ್ಟಿಸಿಕೊಂಡ ಹಿರಿಯರು ಒಬ್ಬೊಬ್ಬರೂ ತಮ್ಮ ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿರುತ್ತಾರೆ. ಯಾವ ಕಂಬ ಯಾರದೆಂಬುದು ಅಜ್ಜಂದಿರ ಕಾಲದಿಂದ ಗೊತ್ತು. ಪಟ್ಟ ಇಲ್ಲದವನಿಗೆ ಕಂಬ ಇಲ್ಲ. ಅವನು ಬಾಗಿ ಬಡಿಸಿ, ಬಾಗಿಯೇ ಹಿಂದೆ ಸರಿದು, ಹೊಗೆಯೊಳಗೆ ಮರಳಬೇಕು.

ಟೀವಿ ಕೆಟ್ಟ ಮನೆಗಳಲ್ಲಿ ಮಾತ್ರ ಪೆನಿಗೆ ಒಳಗೆ ಜಾಗ. ಹದಿನಾಲ್ಕನೆಯ ವಯಸ್ಸಿಗೆ ಅಪಿಯಾದಲ್ಲಿ ‘ಆ ಕೀ’ ಎಂಬ ಹೆಸರಿನ ಚೀನೀ ಮುದುಕನ ರಿಪೇರಿ ಅಂಗಡಿ ಸೇರಿ ರೇಡಿಯೋ ಬಿಚ್ಚಲು ಕಲಿತವನು ಅವನು. ಬೆಸುಗೆ ಕಡ್ಡಿ ಹಿಡಿದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು. ದೊಡ್ಡ ದೊಡ್ಡ ಮಾತಾಯಿಗಳು, ಅಂದರೆ ಪಟ್ಟದ ಹಿರಿಯರು, ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು "ಬದುಕತ್ತಾ ಪೆನಿ?" ಅಂತ ಡಾಕ್ಟರನ್ನು ಕೇಳುವ ಹಾಗೆ ಕೇಳುತ್ತಿದ್ದರು. ಚಿತ್ರ ಮೂಡಿದ ಮೇಲೆ ಅದೇ ಮಾತಾಯಿ, "ಸರಿ, ಹೊರಗೆ ಹೋಗಿ ಏನಾದ್ರೂ ತಿನ್ನು," ಅನ್ನುತ್ತಿದ್ದ.

ಲೋಸಾಳ ಅಣ್ಣನ ಪಟ್ಟದ ಹೆಸರು ಸೆಯುಲಿ. ಮನೆತನದ ಯಜಮಾನ, ದೊಡ್ಡ ದನಿಯ ದೊಡ್ಡ ದೇಹದ ಮನುಷ್ಯ. ಆ ವರ್ಷ ಅವನು ಹೊಸ ಮನೆ ಕಟ್ಟಿಸಿದ. ಮೂರು ಕಡೆ ಕಂಬ, ಒಂದು ಕಡೆ ಸಿಮೆಂಟ್ ಗೋಡೆ. ಗೋಡೆ ಕಟ್ಟಿಸಿದ್ದೇ ಟೀವಿಗೆ. ಮನೆತನದ ಮೂರು ಪಟ್ಟಗಳಲ್ಲಿ ತೀರ ಚಿಕ್ಕದು, ತವಿಲಿ ಅನ್ನುವುದು, ಚಿಕ್ಕಪ್ಪ ತೀರಿಕೊಂಡಾಗಿನಿಂದ ಖಾಲಿ ಬಿದ್ದಿತ್ತು. ಒಂದು ದಿನ ಉಂಡು ಕೈ ಒರೆಸಿಕೊಳ್ಳುತ್ತ ಸೆಯುಲಿ ಅಂದ, "ಮನೆ ಒಕ್ಕಲಿನ ಮಾರನೇ ದಿನ ಪಟ್ಟ ಕಟ್ಟೋದು. ಈ ಸಲ ತವಿಲಿ ನಿಂಗೇ ಕಣಯ್ಯ. ಮೂವತ್ತು ವರ್ಷ ಬೂದಿ ಬಳ್ಕೊಂಡಿದೀಯ, ಸಾಕು."

ಪೆನಿ ಖಾಲಿ ತಟ್ಟೆ ಎತ್ತಿಕೊಂಡು ಹಿಂದೆ ಸರಿದ. ಮರುದಿನ ಹೊಸ ಮನೆಗೆ ಬಣ್ಣ ಹಚ್ಚುವಾಗ ತವಿಲಿಗೆ ಸೇರುವ ಎಡಗಡೆಯ ಕೊನೆಯ ಕಂಬಕ್ಕೆ ಮಾತ್ರ ಅವನು ಎರಡು ಸಲ ಹಚ್ಚಿದ್ದನ್ನು ಲೋಸಾ ನೋಡಿದಳು.

ಒಕ್ಕಲಿಗೆ ಹತ್ತು ದಿನ ಇರುವಾಗ ಪಾಗೋಪಾಗೋದಿಂದ ಟೀವಿ ಬಂತು. ಕಳಿಸಿದವಳು ಸೆಯುಲಿ, ಲೋಸಾ ಇಬ್ಬರಿಗೂ ಅಕ್ಕ, ಫಿಯಾ. ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ ನಿಂತೇ ದುಡಿದವಳು. ಅರವತ್ತೈದು ಇಂಚಿನದು, ಫೋರ್‌ಕೆ. ನಾಲ್ಕು ಜನ ಪಿಕಪ್ಪಿನಿಂದ ಇಳಿಸಿ, ನಯವಾದ ಚಾಪೆ ಹಾಸಿ ಅದರ ಮೇಲೆ ನಿಲ್ಲಿಸಿದರು. ಊರ ಮಕ್ಕಳೆಲ್ಲ ಪೆಟ್ಟಿಗೆ ಮುಟ್ಟಿ ಮುಟ್ಟಿ ಓಡಿದರು.

ಪೆನಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ತಳದ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು, ನೂರಿಪ್ಪತ್ತು ವೋಲ್ಟ್. ಅವನು ಅಲ್ಲೇ ಕುಕ್ಕರಿಸಿದ.

ಸಾಮೋವಾ ಎರಡಲ್ಲವೆ? ಒಂದು ನಮ್ಮದು, ಒಂದು ಅಮೆರಿಕದವರ ಕೈಯಲ್ಲಿರುವುದು, ಪಾಗೋಪಾಗೋ ಇರುವುದು ಅದರಲ್ಲಿ. ಮಾತು ಒಂದೇ, ಬೈಗುಳ ಒಂದೇ, ಬೈಬಲ್ಲೂ ಒಂದೇ. ಗೋಡೆಯೊಳಗಿನ ಕರೆಂಟು ಮಾತ್ರ ಬೇರೆ. ಅಲ್ಲಿ ನೂರಿಪ್ಪತ್ತು, ಇಲ್ಲಿ ಇನ್ನೂರ ಮೂವತ್ತು. ಈಗಿನ ಎಷ್ಟೋ ಟೀವಿಗಳು ಯಾವುದನ್ನು ಕೊಟ್ಟರೂ ಕುಡಿಯುತ್ತವೆ. ಇದು ಆ ಜಾತಿಯದಲ್ಲ. ಅಷ್ಟೇ ಅಲ್ಲ, ಅಪಿಯಾದ ಚಾನೆಲ್‌ಗಳನ್ನು ಇದು ತಾನಾಗಿ ಹಿಡಿಯುವುದೂ ಇಲ್ಲ. ಅದಕ್ಕೆ ಬೇರೊಂದು ಡಬ್ಬಿ ಸಿಕ್ಕಿಸಬೇಕು.

"ಏನು ಅಷ್ಟೊತ್ತಿಂದ ಪೆಟ್ಟಿಗೆ ಮೂಸ್ತಿದೀಯ?" ಅಂದಳು ಲೋಸಾ.

"ಇದು ಇಲ್ಲಿ ಬದುಕಲ್ಲ ಕಣೇ. ಗೋಡೆಗೆ ಚುಚ್ಚಿದ ಕೂಡ್ಲೆ ಸುಟ್ಟೋಗತ್ತೆ."

"ಮೆತ್ತಗೆ ಮಾತಾಡು."

"ಮೆತ್ತಗೆ ಮಾತಾಡಿದ್ರೆ ಕರೆಂಟ್ ಕಮ್ಮಿ ಆಗತ್ತಾ?"

"ನಮ್ಮಕ್ಕ ನಿಂತೂ ನಿಂತೂ ಮಂಡಿ ಸವೆಸ್ಕೊಂಡು ಕಳ್ಸಿರೋದು ಅದು. ಪಟ್ಟಕ್ಕೆ ಹನ್ನೊಂದು ದಿನ ಇದೆ. ಈಗ ಹೋಗಿ ನಮ್ಮಣ್ಣನ ಹತ್ರ ಅದು ಸರಿ ಇಲ್ಲ ಇದು ಸರಿ ಇಲ್ಲ ಅನ್ನು. ಆಮೇಲೆ ಕಂಬಕ್ಕೆ ಒರಗೋದಿರಲಿ, ಕಂಬ ಒರೆಸೋಕೂ ಕರೆಯಲ್ಲ."

ಆದರೂ ಪೆನಿ ಹೋದ. ಸೆಯುಲಿ ಊಟ ಮುಗಿಸಿ ಬೀಸಣಿಗೆ ಹಾಕಿಕೊಳ್ಳುತ್ತಿದ್ದ ಹೊತ್ತು ನೋಡಿ, ದೂರದಲ್ಲೇ ಕುಳಿತು ಶುರು ಮಾಡಿದ.

"ಭಾವ, ಅಕ್ಕ ಕಳ್ಸಿರೋ ಟೀವಿ ಬಹಳ ಚೆನ್ನಾಗಿದೆ. ಪಾಗೋ ಕರೆಂಟಿಗೆ ಮಾಡಿರೋದು. ನಮ್ಮ ಕರೆಂಟು ಅದರ ಎರಡರಷ್ಟು."

"ಎರಡರಷ್ಟಿದ್ರೆ ಒಳ್ಳೇದೇ ಅಲ್ವೇನಯ್ಯ? ಇನ್ನೂ ಜೋರಾಗಿ ಕಾಣತ್ತೆ."

"ಹಾಗಲ್ಲ ಭಾವ. ಎರಡು ಸೇರಿನ ಹೊಟ್ಟೆಗೆ ನಾಲ್ಕು ಸೇರು ತುರುಕಿದ ಹಾಗೆ ಆಗತ್ತೆ."

"ನಮ್ಮ ಮನೆತನದಲ್ಲಿ ನಾಲ್ಕು ಸೇರು ತಿಂದು ಸತ್ತೋರು ಯಾರೂ ಇಲ್ಲ," ಅಂದ ಸೆಯುಲಿ. ಅವನ ಹೊಟ್ಟೆ ಕುಲುಕಿತು. ಪಕ್ಕದಲ್ಲಿದ್ದವರೂ ನಕ್ಕರು. ಪೆನಿ ನಗದೇ ಕುಳಿತೇ ಇದ್ದುದನ್ನು ಕಂಡು ಸೆಯುಲಿಯ ಬೀಸಣಿಗೆ ನಿಂತಿತು. "ನೋಡು ಪೆನಿ. ಪೆಟ್ಟಿಗೆ ಬಿಚ್ಚೋದು ಒಕ್ಕಲಿನ ದಿನ, ಶುಕ್ರವಾರ, ಪಾದ್ರಿ ಮುಂದೆ, ಊರೋರ ಮುಂದೆ, ನಮ್ಮಕ್ಕನ ಮುಂದೆ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನಿಂಗೇನು ಬೇಕೋ ತಂದು ಜೋಡಿಸ್ಕೊ. ಆದ್ರೆ ನಮ್ಮಕ್ಕ ಕುಂಟು ಕುದುರೆ ಕಳ್ಸಿದಾಳೆ, ಇವ್ನು ಊರುಗೋಲು ಕೊಟ್ಟಿದಾನೆ ಅಂತ ಯಾರ ಬಾಯಲ್ಲೂ ಬರಬಾರದು."

ಅಷ್ಟು ಸಾಕಾಗಿತ್ತು ಪೆನಿಗೆ. ಮಾರನೆಯ ದಿನವೇ ಹಡಗು ಹತ್ತಿ ಅಪಿಯಾಕ್ಕೆ ಹೋದ. ಆ ಕೀ ಮುದುಕ ಹೋಗಿ ಎಷ್ಟೋ ವರ್ಷವಾಗಿತ್ತು. ಅಂಗಡಿ ಮಗ ವಿಲ್ಲಿಯ ಕೈಯಲ್ಲಿತ್ತು. ಹಿಂದಿನ ಕೋಣೆಯ ರಾಶಿಯಲ್ಲಿ ಕೆದಕಿ ಕೆದಕಿ ಪೆನಿ ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಎಳೆದ. ಕಬ್ಬಿಣದ ಪೆಟ್ಟಿಗೆ, ಕೊಬ್ಬಿದ ಮರಿಹಂದಿಯಷ್ಟು ಭಾರ, ಮೈಯೆಲ್ಲ ತುಕ್ಕು. ಇನ್ನೂರ ಮೂವತ್ತನ್ನು ನೂರಿಪ್ಪತ್ತಕ್ಕೆ ಇಳಿಸುವಂಥದ್ದು.

"ಇದನ್ನ ಹೊತ್ಕೊಂಡು ಹಡಗು ಹತ್ತುತೀಯಾ?" ಅಂದ ವಿಲ್ಲಿ. "ಆ ಟೀವಿ ವಾಪಸ್ ಕಳ್ಸಿ ಇಲ್ಲೇ ಒಂದು ತಗೊಳ್ಳಿ ಅಂತ ಹೇಳೋದು ಬುದ್ಧಿವಂತಿಕೆ."

"ಬುದ್ಧಿವಂತಿಕೆಗೆ ಪಟ್ಟ ಕೊಡಲ್ಲ ವಿಲ್ಲಿ. ಸೇವೆಗೆ ಕೊಡ್ತಾರೆ."

ವಿಲ್ಲಿ ದುಡ್ಡು ಕೇಳಲಿಲ್ಲ. ಬದಲಿಗೆ ಪೆನಿ ಮೂರು ದಿನ ಅಲ್ಲೇ ಉಳಿದು ರಿಪೇರಿಗೆ ಬಂದು ಬಿದ್ದಿದ್ದ ಹನ್ನೊಂದು ಟೀವಿ ಎಬ್ಬಿಸಿದ. ಚಾನೆಲ್ ಹಿಡಿಯುವ ಡಬ್ಬಿಯೊಂದನ್ನೂ ಸೇರಿಸಿಕೊಂಡು ಹೊರಟ. ಹಡಗಿನಲ್ಲಿ ಕಬ್ಬಿಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಕೆಳಗಿಟ್ಟರೆ ಉಪ್ಪುನೀರು ತಾಗುತ್ತದೆಂಬ ಭಯ. ಮನೆಗೆ ಬಂದು ತುಕ್ಕು ಉಜ್ಜಿದ. ಕಂಬಕ್ಕೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣವನ್ನೇ ಅದಕ್ಕೂ ಹಚ್ಚಿದ.

ಶುಕ್ರವಾರ ಬಂತು. ಫಿಯಾ ಹಿಂದಿನ ದಿನವೇ ಬಂದಿದ್ದಳು, ತಲೆಗೆ ಹೊಸ ಹ್ಯಾಟು, ಕಾಲಿಗೆ ಬಿಗಿಯಾದ ಪಟ್ಟಿ. ಆಕ್ಲೆಂಡಿನಿಂದ ಸೆಯುಲಿಯ ಮಗ ಜೆರ್ರಿ ಬಂದಿದ್ದ. ಬೆಳಗ್ಗೆ ಪೆನಿ ಗೋಡೆಯ ಕೆಳಗೆ ಬಿಳಿ ಪೆಟ್ಟಿಗೆ ಇಟ್ಟು ಜೆರ್ರಿಯನ್ನು ಕರೆದು ತೋರಿಸಿದ.

"ಪ್ರಾರ್ಥನೆ ಹೊತ್ತಿಗೆ ನಾನು ಒಲೆ ಹತ್ರ ಇರ್ತೀನಿ. ಬಿಚ್ಚಿ ನಿಲ್ಸೋರು ನೀವೇ. ಟೀವಿ ವೈರು ಈ ಪೆಟ್ಟಿಗೆಗೆ. ಪೆಟ್ಟಿಗೆ ವೈರು ಗೋಡೆಗೆ. ಟೀವಿನ ನೇರ ಗೋಡೆಗೆ ಚುಚ್ಚಬಾರದು. ಏನು ಹೇಳ್ದೆ ಹೇಳು?"

"ಟೀವಿ ಪೆಟ್ಟಿಗೆಗೆ, ಪೆಟ್ಟಿಗೆ ಗೋಡೆಗೆ. ಗೊತ್ತಾಯ್ತು ಮಾವ. ನಾನೇನು ಚಿಕ್ಕ ಹುಡುಗನಾ?"

ಪೆನಿ ಒಲೆಗೆ ಹೋದ. ಏಳು ಹಂದಿ ಇದ್ದವು ಅವತ್ತು. ಬೆತ್ತಲೆ ಮೈ, ಸೊಂಟಕ್ಕೊಂದು ಹಳೆ ಲುಂಗಿ, ಮೊಣಕೈವರೆಗೂ ಮಸಿ. ಹೊಸ ಮನೆಯಲ್ಲಿ ಟೀವಿಯ ಪೆಟ್ಟಿಗೆ ಬಿಚ್ಚುವ ಸದ್ದು, ಜನ "ಓ" ಅನ್ನುವ ಸದ್ದು ಕೇಳುತ್ತಿತ್ತು. ಅವನು ಬಿಸಿ ಕಲ್ಲು ಸರಿಸುತ್ತ ತಲೆ ಎತ್ತಿದಾಗ ಜೆರ್ರಿ ಏನನ್ನೋ ಹೊಟ್ಟೆಗೆ ಆನಿಸಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದ. ಬಿಳಿ ಪೆಟ್ಟಿಗೆ. ಹಲಸಿನಂಥ ಬ್ರೆಡ್‌ಫ್ರೂಟ್ ಮರದ ಬುಡದಲ್ಲಿ ಅದನ್ನಿಟ್ಟು ಮತ್ತೆ ಒಳಗೆ ಹೋದ.

ಪೆನಿ ಇಕ್ಕಳ ಎಸೆದು ಓಡಿದ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಪಾದ್ರಿ ಪ್ರಾರ್ಥನೆ ಶುರು ಮಾಡಿದ್ದ.

ಪ್ರಾರ್ಥನೆ ಶುರುವಾದ ಮೇಲೆ ಆ ಊರಿನಲ್ಲಿ ನಾಯಿಯೂ ಅಂಗಳ ದಾಟುವುದಿಲ್ಲ. ನಡೆಯುತ್ತಿದ್ದವನು ನಿಲ್ಲಬೇಕು, ಮಾತಾಡುತ್ತಿದ್ದವನು ಮಾತು ನುಂಗಬೇಕು. ಅಂಥಾದ್ದರಲ್ಲಿ ಮಸಿ ಮೆತ್ತಿದ ಬೆತ್ತಲೆ ಮೈಯ ಮನೆಅಳಿಯನೊಬ್ಬ ಹಿರಿಯರ ನಡುವೆ ನುಗ್ಗುವುದೆಂದರೆ ಮೂವತ್ತೊಂದು ವರ್ಷವನ್ನು ಒಲೆಗೆ ಹಾಕಿದಂತೆ. ಪೆನಿ ಮೆಟ್ಟಿಲ ಬುಡದಲ್ಲಿ ತಲೆ ತಗ್ಗಿಸಿ ನಿಂತ. ರೆಪ್ಪೆ ಎತ್ತಿದಷ್ಟಕ್ಕೇ ಕಾಣುತ್ತಿತ್ತು. ಗೋಡೆಯ ಮೇಲೆ ಕರಿ ಕನ್ನಡಿಯಂಥ ಟೀವಿ. ಅದರ ಪಕ್ಕ ಕಣ್ಣು ಮುಚ್ಚಿ ನಿಂತ ಜೆರ್ರಿ. ಅವನ ಕೈಯಲ್ಲಿ ಟೀವಿಯ ವೈರು, ಅದರ ತುದಿಗೆ ಬಿಳಿಯ ಪಿನ್ನೊಂದು. ಪಯಣದ ಚೀಲದಲ್ಲಿ ಎಲ್ಲರೂ ಇಟ್ಟುಕೊಳ್ಳುವಂಥದ್ದು, ಅಮೆರಿಕದ ಚಪ್ಪಟೆ ಕಡ್ಡಿಯನ್ನು ನಮ್ಮ ಗೋಡೆಯ ಓರೆ ತೂತಿಗೆ ಹೊಂದಿಸುವುದು. ಅದು ತೂತನ್ನು ಹೊಂದಿಸುತ್ತದೆ, ಕರೆಂಟನ್ನಲ್ಲ.

ಪಾದ್ರಿಯ ಪ್ರಾರ್ಥನೆ ಉದ್ದವೆಂದು ಊರೆಲ್ಲ ಗೊಣಗುವುದಿತ್ತು. ಇನ್ನೂ ಉದ್ದವಾಗಲಿ ಎಂದು ಬೇಡಿದವನು ಅವತ್ತು ಪೆನಿಯೊಬ್ಬನೇ. ಪಾದ್ರಿ ಮನೆಯನ್ನು ಹರಸಿದ, ಕಂಬಗಳನ್ನು ಹರಸಿದ, ಫಿಯಾಳ ಕೈಗಳನ್ನು ಹರಸಿದ, ಕಡಲು ದಾಟಿ ಬಂದ ಉಡುಗೊರೆಯನ್ನೂ ಹರಸಿದ. ಮತ್ತೆ ಹರಸಲು ಏನೂ ಉಳಿಯಲಿಲ್ಲ. ಆಮೆನ್ ಅಂದ. ಇನ್ನೂರು ಜನ ಆಮೆನ್ ಅಂದರು, ಅದರ ಬೆನ್ನಿಗೇ ಹಾಡು ಎದ್ದಿತು. "ಬೇಡ, ಚುಚ್ಚಬೇಡ," ಎಂದ ಪೆನಿಯ ಕೂಗು ಆ ಹಾಡಿನಲ್ಲಿ ಮುಳುಗಿಹೋಯಿತು.

ಪಟ್ ಅಂತ ಒಂದೇ ಸದ್ದು. ಟೀವಿಯ ಹಿಂದಿನಿಂದ ಎಳೆಯಂಥ ಹೊಗೆ ಮೇಲೆದ್ದಿತು. ಹಾಡು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಡೆ ನಿಂತಿತು.

ಫಿಯಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದಳು. "ಅಲ್ಲಿ ಅಂಗಡೀಲಿ ಹಾಕಿ ತೋರಿಸಿದ್ರು," ಅಂದಳು, ಯಾರಿಗೆಂದಲ್ಲ. "ಚೆನ್ನಾಗೇ ಓಡ್ತಿತ್ತು. ನಾನೇ ನೋಡಿದ್ನಲ್ಲ."

ಸೆಯುಲಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅವನ ಕಣ್ಣು ಮರದ ಬುಡದ ಪೆಟ್ಟಿಗೆಯ ಕಡೆ ಹೋದದ್ದನ್ನು ಪೆನಿ ಕಂಡ. 'ಮದುಮಗಳ ಕಾಲ ಹತ್ರ ಹಂದಿ ಕಟ್ಟಿದ ಹಾಗಿದೆ, ತೆಗಿ ಆ ಡಬ್ಬಾನ' ಎಂದು ಮಗನಿಗೆ ಹೇಳಿದವನು ಅವನೇ ಎಂಬುದು ಪೆನಿಗೆ ತಿಳಿದದ್ದು ಆಮೇಲೆ. ಆದರೆ ಆ ನೋಟದಲ್ಲೇ ಅರ್ಧ ತಿಳಿದಿತ್ತು.

"ಪೆನಿ," ಅಂದ ಸೆಯುಲಿ, ಎಲ್ಲರಿಗೂ ಕೇಳುವ ದನಿಯಲ್ಲಿ. "ಇದರ ಕೆಲಸ ನಿಂಗೆ ವಹಿಸಿದ್ದೆ ಅಲ್ವಾ?"

ಇನ್ನೂರು ತಲೆ ಹೊರಳಿದವು. ನಿಜ ಹೇಳಬಹುದಿತ್ತು. ಹೇಳಿದರೆ ಯಜಮಾನ ಅಕ್ಕನೆದುರು, ಪಾದ್ರಿಯೆದುರು, ತಾನೇ ಕಟ್ಟಿಸಿದ ಮನೆಯಲ್ಲಿ ಮಣ್ಣಾಗುತ್ತಿದ್ದ. ಹೇಳದಿದ್ದರೆ? ಉಳಿಸಿಕೊಟ್ಟ ಮುಖಕ್ಕೆ ಸೆಯುಲಿ ನಾಳೆ ಬೆಲೆ ಕಟ್ಟಿಯೇ ಕಟ್ಟುತ್ತಾನೆ ಎಂದುಕೊಂಡ ಪೆನಿ.

"ಹೌದು ಭಾವ," ಅಂದ. "ನಾನೇ ಸರಿಯಾಗಿ ನೋಡ್ಲಿಲ್ಲ. ತಪ್ಪು ನಂದೇ. ಅಕ್ಕ, ಕ್ಷಮಿಸಬೇಕು."

ಫಿಯಾ ಅವನ ಕಡೆ ನೋಡಲಿಲ್ಲ. ಜೆರ್ರಿ ನೆಲ ನೋಡುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಸೆಯುಲಿ ಅಡುಗೆ ಚಪ್ಪರಕ್ಕೆ ಬಂದ. ಅವನು ಅಲ್ಲಿಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಕೂರಲು ಏನೂ ಇರಲಿಲ್ಲ. ಲೋಸಾ ತೆಂಗಿನಕಾಯಿ ತುರಿಯುವ ಮಣೆ ಸರಿಸಿಕೊಟ್ಟಳು. ಅವನು ಕೂರಲಿಲ್ಲ.

"ಇವತ್ತು ನೀನು ದೊಡ್ಡತನ ತೋರಿಸ್ದೆ ಪೆನಿ. ನಾನು ಮರೆಯಲ್ಲ."

"ಅದಕ್ಕೇನು ಬಿಡಿ ಭಾವ."

"ಆದ್ರೆ ನಾಳೆದು ನೋಡು, ಕಷ್ಟ ಆಗೋಯ್ತು. ಊರಲ್ಲೆಲ್ಲ ಗೊತ್ತಾಗಿದೆ. ಅಕ್ಕನ ಉಡುಗೊರೆ ಸುಟ್ಟೋನಿಗೆ ಮಾರನೇ ದಿನಾನೇ ಪಟ್ಟ ಕಟ್ಟಿದ ಅಂತಾರೆ. ಅವಳಿಗೆ ನಾನೇನು ಮುಖ ತೋರಿಸ್ಲಿ? ಮುಂದೆ ಯಾವಾಗಾದ್ರೂ ನೋಡೋಣ."

ಅವನು ಕೂರದ ಮಣೆಯನ್ನು ಲೋಸಾ ಹಿಂದಕ್ಕೆಳೆದುಕೊಂಡಳು. "ಸುಟ್ಟೋರು ಯಾರು ಅಂತ ನಿಂಗೆ ಗೊತ್ತಿಲ್ವಾ ಅಣ್ಣ?"

"ಗೊತ್ತಿರೋದು ಬೇರೆ. ಅವನೇ ಒಪ್ಕೊಂಡಿದ್ದನ್ನ ಎಲ್ಲಾರೂ ಕೇಳ್ಸ್ಕೊಂಡಿರೋದು ಬೇರೆ," ಅಂದ ಸೆಯುಲಿ. ಹೋಗುವಾಗ ಚಪ್ಪರದ ತಗ್ಗು ಸೂರಿಗೆ ತಲೆ ತಾಗಿಸಿಕೊಂಡು ಹೋದ.

ಶನಿವಾರ ಬೆಳಗ್ಗೆ ಕಾವಾ ಬೇರಿನ ಪಾನಕ ಹಂಚಿ ಹೆಸರು ಕೂಗಿದರು. ತವಿಲಿ ಪಟ್ಟ ಜೆರ್ರಿಗೆ ಬಂತು. ಎರಡು ಸಲ ಬಣ್ಣ ಹಚ್ಚಿದ ಕಂಬಕ್ಕೆ ಅವನು ಒರಗಿ ಕುಳಿತ. ಒರಗಲು ಬರದೆ, ಆಫೀಸಿನ ಕುರ್ಚಿಯಲ್ಲಿ ಕುಳಿತವರ ಹಾಗೆ ಕುಳಿತ. ಅವನ ಮುಂದೆ ಹಂದಿಯ ಬೆನ್ನಿನ ತುಂಡು ಇಟ್ಟು ಬಾಗಿ ಹಿಂದೆ ಸರಿದವನು ಪೆನಿ.

ಹೊರಡುವ ದಿನ ಜೆರ್ರಿ ಚಪ್ಪರದ ಹತ್ತಿರ ಬಂದು ನಿಂತ. "ಮಾವ, ನಾನು... ಅಪ್ಪ ತೆಗಿ ಅಂದ್ರು. ಪಿನ್ನು ಕೂತ್ಕೊಳ್ತು, ಅದಕ್ಕೇ ಸರಿಹೋಗತ್ತೆ ಅಂದ್ಕೊಂಡೆ."

"ಊಟ ಆಯ್ತಾ?" ಅಂದ ಪೆನಿ.

ಏನು ಮಾಡಬೇಕೋ ತಿಳಿಯದೆ ಜೆರ್ರಿ ಜೇಬಿನಿಂದ ಆ ಬಿಳಿ ಪಿನ್ನನ್ನೇ ತೆಗೆದು ಅವನ ಕೈಗಿಟ್ಟ. "ಇದು ನಿಮ್ಮ ಹತ್ರ ಇರ್ಲಿ," ಅಂದು ಹೋಗಿ ಕಾರು ಹತ್ತಿದ.

ಟೀವಿ ಗೋಡೆಯ ಮೇಲೆಯೇ ಉಳಿಯಿತು. ಇಳಿಸಿದರೆ ಗೋಡೆ ಬೋಳಾಗುತ್ತದೆ. ಮೂರು ವಾರ ಕಳೆದು, ಊರೆಲ್ಲ ತೋಟಕ್ಕೆ ಹೋಗಿದ್ದ ಒಂದು ಹಗಲು, ಪೆನಿ ಅದರ ಬೆನ್ನು ಬಿಚ್ಚಿ ನೋಡಿದ. ಅಂಥ ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಮೊದಲ ಹೊಡೆತಕ್ಕೇ ಪ್ರಾಣ ಬಿಟ್ಟು ಉಳಿದದ್ದನ್ನು ಕಾಯುವ ಎರಡು ಚಿಕ್ಕ ಸಾಮಾನಿರುತ್ತವೆ. ಒಂದು ನೀಲಿ ಬಿಲ್ಲೆ, ಒಂದು ಗಾಜಿನ ಫ್ಯೂಸು. ಅವೆರಡೇ ಸುಟ್ಟಿದ್ದು. ಹಳೆ ಟೀವಿಗಳಿಂದ ಕಿತ್ತಿಟ್ಟವು ಅವನ ತಂಬಾಕಿನ ಡಬ್ಬಿಯಲ್ಲೇ ಇದ್ದವು. ಅರ್ಧ ಗಂಟೆಯ ಕೆಲಸ. ಬಿಳಿ ಪೆಟ್ಟಿಗೆ ಹೊತ್ತು ತಂದು, ಟೀವಿ ಪೆಟ್ಟಿಗೆಗೆ, ಪೆಟ್ಟಿಗೆ ಗೋಡೆಗೆ, ಚಾನೆಲ್ ಡಬ್ಬಿ ಟೀವಿಗೆ, ಎಲ್ಲ ಸಿಕ್ಕಿಸಿ ಗುಂಡಿ ಒತ್ತಿದ.

ಚಿತ್ರ ಬಂತು. ಅಪಿಯಾದ ಮೀನು ಮಾರುಕಟ್ಟೆಯನ್ನು ತೋರಿಸುತ್ತಿದ್ದರು. ಮೀನಿನ ಒಂದೊಂದು ಪೊರೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಅಷ್ಟು ನಿಚ್ಚಳವಾದ ಚಿತ್ರವನ್ನು ಪೆನಿ ತನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಎಡಗಡೆಯ ಕೊನೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ದಾರಿಯಲ್ಲಿ ಮಾತಿನ ಸದ್ದು ಕೇಳುವವರೆಗೂ ನೋಡಿದ. ಆಮೇಲೆ ಎದ್ದು, ಆರಿಸಿ, ಫ್ಯೂಸ್ ಕಿತ್ತು ತಂಬಾಕಿನ ಡಬ್ಬಿಗೆ ಹಾಕಿಕೊಂಡು ಟೀವಿಯ ಬೆನ್ನು ಮುಚ್ಚಿದ.

"ಏನಾದ್ರೂ ಆಗತ್ತಾ?" ಅಂತ ಸಂಜೆ ಸೆಯುಲಿ ಕೇಳಿದ.

"ಇಲ್ಲ ಭಾವ. ಒಳಗೆಲ್ಲ ಕರಕಾಗಿದೆ," ಅಂದ ಪೆನಿ.

ಬಿಳಿ ಪೆಟ್ಟಿಗೆ ಅಡುಗೆ ಚಪ್ಪರಕ್ಕೆ ಬಂತು. ಹೊಗೆಗೆ ಅದರ ಬಣ್ಣ ಹಳದಿಗೆ ತಿರುಗಿತು. ಕೂರಲು ಎತ್ತರ ಸರಿಯಾಗಿತ್ತು. ಗೆಡ್ಡೆ ಹೆರೆಯುವಾಗ ಪೆನಿ ಅದರ ಮೇಲೆ ಕೂರುತ್ತಿದ್ದ.

ಕ್ರಿಸ್‌ಮಸ್ಸಿಗೆ ಫಿಯಾ ಮತ್ತೆ ಬಂದಳು. ಅವಳ ಮಂಡಿ ಇನ್ನಷ್ಟು ಹದಗೆಟ್ಟಿತ್ತು, ಇಬ್ಬರು ಹಿಡಿದು ಇಳಿಸಬೇಕಾಯಿತು. ಎಲ್ಲರೂ ಹೊಸ ಮನೆಯಲ್ಲಿ ಕುಳಿತಿದ್ದಾಗ ಅವಳು ಗೋಡೆಯ ಕಡೆ ನೋಡುತ್ತ ಹೇಳುತ್ತಿದ್ದಳು, "ಫ್ಯಾಕ್ಟರೀಲಿ ನಿಂತಾಗೆಲ್ಲ ಅಂದ್ಕೊಳ್ತಿದ್ದೆ. ನಾನು ಕೊಟ್ಟಿದ್ದರ ಮುಂದೆ ನೀವೆಲ್ಲ ಸಾಲಾಗಿ ಕೂತಿರೋದನ್ನ ಒಂದು ಸಲ ನೋಡ್ಬೇಕು ಅಂತ. ಅಷ್ಟೇ ಇದ್ದದ್ದು ನನ್ನ ಆಸೆ."

ಈ ಮಾತು ಚಪ್ಪರದವರೆಗೂ ಕೇಳಿಸಿತು. ಪೆನಿ ಕೈ ತೊಳೆದುಕೊಂಡ. ತಂಬಾಕಿನ ಡಬ್ಬಿ ತೆರೆದು ಫ್ಯೂಸ್ ತೆಗೆದ. ಅಂಗಿ ಹಾಕಿಕೊಂಡು ಅಂಗಳ ದಾಟಿ ಮೆಟ್ಟಿಲವರೆಗೂ ಹೋದ. ಜೆರ್ರಿ ಆಕ್ಲೆಂಡಿನಲ್ಲೇ ಇದ್ದ, ಆ ಸಲ ಬಂದಿರಲಿಲ್ಲ. ಎಡಗಡೆಯ ಕೊನೆಯ ಕಂಬ ಖಾಲಿ ಇತ್ತು. ಅದರ ಬುಡದಲ್ಲಿ ಚಾಪೆ ಹಾಸಿಯೇ ಇತ್ತು.

ಸೆಯುಲಿ ತಲೆ ಎತ್ತಿ ನೋಡಿದ. ಮೆಟ್ಟಿಲಲ್ಲಿ ಅಂಗಿ ತೊಟ್ಟು ನಿಂತ ಪೆನಿಯನ್ನು ನೋಡಿದ, ಖಾಲಿ ಕಂಬವನ್ನೂ ನೋಡಿದ.

"ಬಂದ್ಯಾ? ಒಳ್ಳೇದಾಯ್ತು. ಅಕ್ಕನಿಗೆ ಕೋಕೋ ತಾ ಪೆನಿ, ಬಿಸಿಯಾಗಿರ್ಲಿ."

ಪೆನಿ ಹಿಂದೆ ತಿರುಗಿ, ಮುಷ್ಟಿ ಬಿಚ್ಚದೆಯೇ ಚಪ್ಪರಕ್ಕೆ ಬಂದ. ಫ್ಯೂಸನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಒಲೆಯ ಮೇಲಿನ ಕೋಕೋ ಬಗ್ಗಿಸಿ, ಫಿಯಾಳ ಬಟ್ಟಲಿಗೆ ಎರಡು ಚಮಚ ಸಕ್ಕರೆ ಹಾಕಿದ. ತುಸು ಯೋಚಿಸಿ ಮತ್ತೊಂದು ಚಮಚ ಹಾಕಿದ. ಅವಳಿಗೆ ಕೊಡಲು ಅವನ ಬಳಿ ಅಷ್ಟೇ ಇತ್ತು.